ಎಣಿಕೆ ಎಲ್ಲಿ ನಿಂತಿತು? ಆವೃತ್ತಿ ಪಟ್ಟಿಯ ಪಾಠದಿಂದ ಸಾವಿರ ಯಂತ್ರಗಳ ಲೆಕ್ಕದವರೆಗೆ

ಬೋಧನಾಭ್ಯಾಸದ ಮೂರನೇ ವಾರದಲ್ಲಿ ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರ ಘಟಕ ನನ್ನ ಪಾಲಿಗೆ ಬಂತು. ಮೊದಲ ಪಾಠ ಆವೃತ್ತಿ ವಿತರಣಾ ಪಟ್ಟಿ. ಬಿಎಸ್ಸಿಯಲ್ಲಿ ಗಣಿತದ ಜೊತೆಗೆ ಕಂಪ್ಯೂಟರ್ ವಿಜ್ಞಾನವನ್ನೂ ಓದಿದ್ದರಿಂದ ನನಗೊಂದು ಆಸೆ ಹುಟ್ಟಿತು. ಮಕ್ಕಳು ತಾಳೆ ಗುರುತು ಹಾಕಿ ಮಾಡುವ ಪಟ್ಟಿಯನ್ನೇ ದೊಡ್ಡ ಕಂಪನಿಗಳಲ್ಲಿ ಸಾವಿರಾರು ಕಂಪ್ಯೂಟರ್‌ಗಳು ಸೇರಿ ಮಾಡುತ್ತವೆ. ಅದನ್ನು ತರಗತಿಯಲ್ಲೇ ಮಾಡಿ ತೋರಿಸಬೇಕು ಎಂದುಕೊಂಡೆ. ಮೊದಲ ಪಿರಿಯಡ್ ಕೆಟ್ಟಿತು. ಎರಡನೆಯದು ಸರಿಹೋಯಿತು. ಈ ಎರಡರ ನಡುವೆ ನಾನು ಕಲಿತದ್ದನ್ನು, ಅದರ ಮೂಲಕ ದೊಡ್ಡ ಪ್ರಮಾಣದ ದತ್ತಾಂಶ ಸಂಸ್ಕರಣೆಯ ಪ್ರೋಗ್ರಾಂಗಳನ್ನು ಹೇಗೆ ವೇಗಗೊಳಿಸುತ್ತಾರೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಕಂಪ್ಯೂಟರ್ ವಿಷಯ ಓದದ ಸಹಪಾಠಿಗಳಿಗೂ ಅರ್ಥವಾಗುವಂತೆ ಬರೆಯಲು ಪ್ರಯತ್ನಿಸಿದ್ದೇನೆ.

ಮೊದಲ ಪಿರಿಯಡ್

ನಾನು ಹೋದದ್ದು ತಾಲ್ಲೂಕು ಕೇಂದ್ರದ ಒಂದು ಪ್ರೌಢಶಾಲೆ. ಪಟ್ಟಣದ ಮಕ್ಕಳ ಜೊತೆಗೆ ಸುತ್ತಲಿನ ಹದಿನಾರು ಹಳ್ಳಿಗಳ ಮಕ್ಕಳೂ ಅಲ್ಲಿಗೆ ಬರುತ್ತಾರೆ. ಮುಖ್ಯ ಶಿಕ್ಷಕರ ಅನುಮತಿ ಪಡೆದು, ಹೆಸರುಗಳನ್ನು ಬಿಟ್ಟು, 480 ಮಕ್ಕಳ ಕ್ರಮಸಂಖ್ಯೆ, ತರಗತಿ, ಊರು, ಶಾಲೆಗೆ ಇರುವ ದೂರ ಇಷ್ಟನ್ನು 12 ಹಾಳೆಗಳಲ್ಲಿ ಬರೆದುಕೊಂಡೆ. ಒಂದು ಹಾಳೆಯಲ್ಲಿ 40 ಮಕ್ಕಳು. ಯಾವ ಊರಿನಿಂದ ಎಷ್ಟು ಮಕ್ಕಳು ಬರುತ್ತಾರೆ ಎಂಬುದು ಪ್ರಶ್ನೆ.

ತರಗತಿಯನ್ನು 12 ಗುಂಪು ಮಾಡಿ ಗುಂಪಿಗೊಂದು ಹಾಳೆ ಕೊಟ್ಟೆ. ಪ್ರತಿ ವಿದ್ಯಾರ್ಥಿಗೆ ಒಂದರಂತೆ ಚೀಟಿ ಹರಿದು ಅದರ ಮೇಲೆ ಊರಿನ ಹೆಸರು ಬರೆಯಬೇಕು. ಮುಂದಿನ ಸಾಲಿನ ಆರು ಬೆಂಚುಗಳಲ್ಲಿ ಒಬ್ಬೊಬ್ಬರು ಎಣಿಸುವವರು. ಯಾವ ಊರಿನ ಚೀಟಿ ಯಾವ ಬೆಂಚಿಗೆ ಎಂಬುದನ್ನು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಗುಂಪಿನ ನಾಯಕರು ಚೀಟಿಗಳನ್ನು ಆಯಾ ಬೆಂಚಿಗೆ ಒಯ್ದು ಕೊಡಬೇಕು, ಬೆಂಚಿನವರು ಎಣಿಸಿ ಹೇಳಬೇಕು.

ಪೀಠಿಕೆಗೆ 5 ನಿಮಿಷ ಹೋಯಿತು. ಚೀಟಿ ಬರೆಯಲು 12 ನಿಮಿಷ. ಒಯ್ದು ಕೊಡಲು 8 ನಿಮಿಷ. ಸಾಲುಗಳ ನಡುವೆ ನೂಕುನುಗ್ಗಲು, ನೆಲದ ಮೇಲೆಲ್ಲ ಚೀಟಿ. ಎಣಿಕೆ ಶುರುವಾದ ಎರಡು ನಿಮಿಷಕ್ಕೆ ಐದು ಬೆಂಚುಗಳು ಮುಗಿಸಿ ಕೈಕಟ್ಟಿ ಕುಳಿತವು. ಮೂರನೇ ಬೆಂಚಿನ ಹುಡುಗ ಮಾತ್ರ ತಲೆ ಎತ್ತದೆ ಎಣಿಸುತ್ತಲೇ ಇದ್ದ. ಹಿಂದಿನಿಂದ “ಬೇಗ ಬೇಗ” ಎಂಬ ಕೂಗು ಎದ್ದಿತು. ಯಾರೋ “ಅವನು ಯಾವಾಗ್ಲೂ ಲೇಟು ಮಿಸ್” ಎಂದರು. ಆರು ನಿಮಿಷವಾದಾಗ ನನಗೂ ತಾಳ್ಮೆ ಉಳಿಯಲಿಲ್ಲ. ಅವನ ಮುಂದಿದ್ದ ರಾಶಿಯನ್ನು ಎತ್ತಿ, ಲೆಕ್ಕದಲ್ಲಿ ಚುರುಕು ಎಂದು ಹೆಸರಾದ ಹುಡುಗಿಯ ಕೈಗಿಟ್ಟೆ. ಅವಳು ಪಾಪ ಒಂದರಿಂದ ಶುರು ಮಾಡಿದಳು. ಅವಳ ಎಣಿಕೆ ಮುಗಿಯುವ ಮೊದಲೇ ಗಂಟೆ ಹೊಡೆಯಿತು. ಪಟ್ಟಿ ಅಪೂರ್ಣವಾಗಿಯೇ ಉಳಿಯಿತು.

ನಮ್ಮ ಮಾರ್ಗದರ್ಶಕ ಶಿಕ್ಷಕಿ ವೀಕ್ಷಣಾ ಪುಸ್ತಕದಲ್ಲಿ ಹೆಚ್ಚೇನೂ ಬರೆದಿರಲಿಲ್ಲ. ಹೊರಗೆ ಬಂದಾಗ, “ಒಂದೊಂದು ಬೆಂಚಿಗೆ ಎಷ್ಟೆಷ್ಟು ಚೀಟಿ ಬಂದಿತ್ತು, ನೋಡಿದ್ರಾ?” ಎಂದು ಕೇಳಿದರು. ನಾನು ನೋಡಿರಲಿಲ್ಲ.

ಆ ಸಂಜೆ ಚೀಟಿಗಳನ್ನು ಮನೆಗೆ ಒಯ್ದು ಎಣಿಸಿದೆ. ಬೆಂಚುಗಳ ಕ್ರಮದಲ್ಲಿ 31, 36, 287, 38, 42, 46. ಪಟ್ಟಣದ 268 ಚೀಟಿಗಳೂ ಮೂರನೇ ಬೆಂಚಿಗೇ ಬಂದಿದ್ದವು. ಮರುದಿನ ಆ ಹುಡುಗನನ್ನು ಕರೆದು ಮಾತಾಡಿಸಿದೆ. “ಮಿಸ್, ನೀವು ತಗೊಂಡಾಗ ನಾನು 148ಕ್ಕೆ ಬಂದಿದ್ದೆ” ಎಂದ. ಆರು ನಿಮಿಷಕ್ಕೆ 148 ಎಂದರೆ ನಿಮಿಷಕ್ಕೆ ಸುಮಾರು 25. ಮಿಕ್ಕ ಬೆಂಚುಗಳಲ್ಲಿ ಅತಿ ಹೆಚ್ಚು ಎಣಿಸಿದವರದು ಎರಡು ನಿಮಿಷಕ್ಕೆ 46, ಅಂದರೆ ನಿಮಿಷಕ್ಕೆ 23. ತರಗತಿ ನಿಧಾನ ಎಂದು ಕರೆದ, ನಾನೂ ಹಾಗೆಂದೇ ನಂಬಿದ ಹುಡುಗ ಆ ದಿನ ಎಲ್ಲರಿಗಿಂತ ವೇಗವಾಗಿ ಎಣಿಸಿದ್ದ.

ಒಂದು ಯಂತ್ರ ಸಾಲದಾಗ

ಈಗ ಕಂಪ್ಯೂಟರ್‌ಗಳ ವಿಷಯಕ್ಕೆ ಬರೋಣ. ಒಂದು ಡಿಸ್ಕ್ ಸೆಕೆಂಡಿಗೆ 100 ಮೆಗಾಬೈಟ್ ಓದುತ್ತದೆ ಎಂದುಕೊಳ್ಳಿ. ಒಂದು ಟೆರಾಬೈಟ್, ಅಂದರೆ 10 ಲಕ್ಷ ಮೆಗಾಬೈಟ್ ಓದಲು ಅದಕ್ಕೆ 10,000 ಸೆಕೆಂಡು ಬೇಕು. ಸುಮಾರು ಎರಡೂಮುಕ್ಕಾಲು ಗಂಟೆ. ಅದೇ ದತ್ತಾಂಶವನ್ನು 100 ಯಂತ್ರಗಳಿಗೆ ಹಂಚಿದರೆ ಲೆಕ್ಕದ ಪ್ರಕಾರ 100 ಸೆಕೆಂಡು ಸಾಕು. ಹೀಗೆ ಹಂಚಿ ಮಾಡುವ ಕೆಲಸವೇ ವಿತರಿತ ದತ್ತಾಂಶ ಸಂಸ್ಕರಣೆ. ಜಾಲದ ಮೂಲಕ ಜೊತೆಯಾಗಿ ದುಡಿಯುವ ಯಂತ್ರಗಳ ಗುಂಪಿಗೆ ಕ್ಲಸ್ಟರ್ ಎಂಬ ಹೆಸರಿದೆ.

ಈ ಕೆಲಸಕ್ಕೆ ಸರಳವಾದ ಒಂದು ಚೌಕಟ್ಟನ್ನು ಗೂಗಲ್‌ನ ಜೆಫ್ರಿ ಡೀನ್ ಮತ್ತು ಸಂಜಯ್ ಘೇಮಾವತ್ 2004ರ ಪ್ರಬಂಧದಲ್ಲಿ ವಿವರಿಸಿದರು. ಅದರ ಹೆಸರು ಮ್ಯಾಪ್‌ರೆಡ್ಯೂಸ್. ಅದೇ ವಿಚಾರವನ್ನು ಎಲ್ಲರೂ ಉಚಿತವಾಗಿ ಬಳಸುವಂತೆ ಮಾಡಿದ್ದು ಹಡೂಪ್. ಅದರ ನಂತರ ಬಂದದ್ದು ಸ್ಪಾರ್ಕ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ 2009ರಲ್ಲಿ ಮಟೇ ಜಹಾರಿಯಾ ಅದನ್ನು ಆರಂಭಿಸಿದರು.

ನನ್ನ ತರಗತಿಯಲ್ಲಿ ನಡೆದದ್ದು ಮ್ಯಾಪ್‌ರೆಡ್ಯೂಸ್‌ನ ಮೂರು ಹಂತಗಳೇ. ಹಾಳೆ ನೋಡಿ ಊರಿನ ಹೆಸರಿನ ಚೀಟಿ ಬರೆಯುವುದು ಮ್ಯಾಪ್. ಒಂದೇ ಊರಿನ ಚೀಟಿಗಳೆಲ್ಲ ಒಂದೇ ಬೆಂಚಿಗೆ ಸೇರುವಂತೆ ಒಯ್ಯುವುದು ಶಫಲ್. ಬೆಂಚಿನಲ್ಲಿ ಕುಳಿತು ಎಣಿಸುವುದು ರೆಡ್ಯೂಸ್. ಚೀಟಿಯ ಮೇಲಿನ ಊರಿನ ಹೆಸರಿಗೆ ಕೀ ಎನ್ನುತ್ತಾರೆ. ಒಂದು ಬೆಂಚಿನ ಪಾಲಿಗೆ ಬಂದ ಒಟ್ಟು ಚೀಟಿಗಳು ಒಂದು ಪಾರ್ಟಿಷನ್. ಕೆಲಸ ಹಂಚುವ ಮಾಸ್ಟರ್ ನಾನು.

ಮೊದಲು ಅಳೆಯಬೇಕು

ಪ್ರೋಗ್ರಾಂ ನಿಧಾನವಾದರೆ ಯಾರಿಗಾದರೂ ಮೊದಲು ಹೊಳೆಯುವ ಉಪಾಯ ಯಂತ್ರಗಳನ್ನು ಹೆಚ್ಚಿಸುವುದು. ನನ್ನ ತರಗತಿಯಲ್ಲಿ ಎಣಿಸುವ ಬೆಂಚುಗಳನ್ನು ಆರರಿಂದ ಹನ್ನೆರಡಕ್ಕೆ ಏರಿಸಿದ್ದರೆ ಏನಾಗುತ್ತಿತ್ತು? ಪಟ್ಟಣದ 268 ಚೀಟಿಗಳು ಆಗಲೂ ಒಂದೇ ಬೆಂಚಿಗೆ ಹೋಗುತ್ತಿದ್ದವು, ಏಕೆಂದರೆ ಒಂದು ಊರು ಒಂದೇ ಬೆಂಚಿಗೆ ಎಂಬುದು ನಿಯಮ. ಕೈಕಟ್ಟಿ ಕುಳಿತವರ ಸಂಖ್ಯೆ ಐದರಿಂದ ಹನ್ನೊಂದಕ್ಕೆ ಏರುತ್ತಿತ್ತು, ಅಷ್ಟೆ. ಹಂಚಲಾಗದ ಭಾಗ ಎಷ್ಟಿದೆಯೋ ಅಷ್ಟು ಸಮಯ ಎಷ್ಟು ಕೈಗಳಿದ್ದರೂ ಬೇಕೇ ಬೇಕು. ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ, ಅವರ ಹೆಸರಿನಲ್ಲೇ ಕರೆಯುವ ನಿಯಮದ ಸಾರವೂ ಇದೇ.

ಆದ್ದರಿಂದ ಸಮಯ ಎಲ್ಲಿ ಹೋಗುತ್ತಿದೆ ಎಂದು ಹಂತಹಂತವಾಗಿ ಅಳೆಯುವುದೇ ಮೊದಲ ಕೆಲಸ. ಗೂಗಲ್‌ನ ಆ ಪ್ರಬಂಧದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ತಲಾ 100 ಬೈಟ್‌ನ 1,000 ಕೋಟಿ ದಾಖಲೆಗಳಲ್ಲಿ ಒಂದು ಪದವಿನ್ಯಾಸವನ್ನು ಹುಡುಕುವ ಕೆಲಸಕ್ಕೆ ಸುಮಾರು 150 ಸೆಕೆಂಡು ಹಿಡಿಯಿತು. ಅದರಲ್ಲಿ ಸುಮಾರು ಒಂದು ನಿಮಿಷ ಹುಡುಕಾಟಕ್ಕೆ ಹೋದದ್ದಲ್ಲ. ಪ್ರೋಗ್ರಾಂ ಅನ್ನು ಎಲ್ಲ ಯಂತ್ರಗಳಿಗೆ ಕಳುಹಿಸಿ, ಕಡತಗಳನ್ನು ತೆರೆದು, ಕೆಲಸ ಶುರು ಮಾಡುವ ಸಿದ್ಧತೆಗೇ ಅಷ್ಟು ಬೇಕಾಯಿತು. ಅಲ್ಲಿ ಹುಡುಕುವ ಭಾಗವನ್ನು ಎರಡು ಪಟ್ಟು ವೇಗಗೊಳಿಸಿದರೂ ಒಟ್ಟು ಸಮಯ ಅರ್ಧಕ್ಕೆ ಇಳಿಯುವುದಿಲ್ಲ.

ಸ್ಪಾರ್ಕ್‌ನಲ್ಲಿ ಅಳತೆಗೆಂದೇ ಒಂದು ಪರದೆ ಇದೆ. ಪ್ರತಿ ಹಂತದಲ್ಲೂ ಕೆಲಸದ ತುಂಡುಗಳಿಗೆ ಹಿಡಿದ ಸಮಯದ ಕನಿಷ್ಠ ಬೆಲೆ, ಮೊದಲ ಚತುರ್ಥಕ, ಮಧ್ಯಾಂಕ, ಮೂರನೇ ಚತುರ್ಥಕ, ಗರಿಷ್ಠ ಬೆಲೆ ಈ ಐದನ್ನು ಅದು ತೋರಿಸುತ್ತದೆ. ಪ್ರತಿ ತುಂಡು ಓದಿದ ದತ್ತಾಂಶಕ್ಕೂ ಅದೇ ಐದು ಬೆಲೆಗಳು. ನಮ್ಮ ಗಣಿತದ ಪಾಠ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ನನ್ನ ಬೆಂಚುಗಳ ಸಂಖ್ಯೆಗಳನ್ನೇ ನೋಡಿ. ಸರಾಸರಿ 80. ಆರರಲ್ಲಿ ಐದು ಬೆಂಚುಗಳಲ್ಲಿ 80ರ ಹತ್ತಿರವೂ ಇಲ್ಲ. ಏರಿಕೆ ಕ್ರಮದಲ್ಲಿ ಜೋಡಿಸಿದರೆ ಮಧ್ಯಾಂಕ 38 ಮತ್ತು 42ರ ನಡುವಿನ 40. ಗರಿಷ್ಠ 287. ಮಧ್ಯಾಂಕಕ್ಕೂ ಗರಿಷ್ಠಕ್ಕೂ ಇರುವ ಈ ಅಂತರವೇ ತೊಂದರೆ ಎಲ್ಲಿದೆ ಎಂದು ಹೇಳುತ್ತದೆ. ಸರಾಸರಿಯೊಂದನ್ನೇ ನೋಡಿದವರಿಗೆ ಅದು ಕಾಣುವುದಿಲ್ಲ.

ನಿಧಾನವೋ, ಹೊರೆಯೋ?

ಎಲ್ಲರೂ ಮುಗಿಸಿದ ಮೇಲೂ ಒಂದು ಯಂತ್ರ ಎಳೆಯುತ್ತಲೇ ಇದ್ದರೆ ಅದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಯಂತ್ರವೇ ನಿಧಾನ. ಎರಡು, ಅದರ ಪಾಲಿಗೆ ಬಂದ ಕೆಲಸ ಹೆಚ್ಚು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಪರಿಹಾರ ಮಾತ್ರ ಬೇರೆ ಬೇರೆ.

ಯಂತ್ರ ನಿಧಾನವಾಗುವುದು ಉಂಟು. ಗೂಗಲ್‌ನವರು ತಮ್ಮದೇ ಉದಾಹರಣೆ ಕೊಡುತ್ತಾರೆ: ಡಿಸ್ಕ್ ಕೆಟ್ಟು ಓದುವ ವೇಗ ಸೆಕೆಂಡಿಗೆ 30 ಮೆಗಾಬೈಟ್‌ನಿಂದ 1 ಮೆಗಾಬೈಟ್‌ಗೆ ಇಳಿಯಬಹುದು. ಇಂಥದ್ದಕ್ಕೆ ಅವರು ಮಾಡಿದ ಉಪಾಯ ಸರಳ. ಕೆಲಸ ಮುಗಿಯುತ್ತ ಬಂದಾಗ ಉಳಿದ ತುಂಡುಗಳ ಇನ್ನೊಂದು ಪ್ರತಿಯನ್ನು ಬೇರೆ ಯಂತ್ರಗಳಿಗೂ ಕೊಡುವುದು. ಯಾರು ಮೊದಲು ಮುಗಿಸಿದರೂ ಆ ಉತ್ತರವನ್ನು ತೆಗೆದುಕೊಳ್ಳುವುದು. ಇದರ ಫಲವನ್ನೂ ಅಳೆದಿದ್ದಾರೆ. ಸುಮಾರು 1,800 ಯಂತ್ರಗಳ ಕ್ಲಸ್ಟರ್‌ನಲ್ಲಿ ಒಂದು ಟೆರಾಬೈಟಿನಷ್ಟು ದಾಖಲೆಗಳನ್ನು ಕ್ರಮವಾಗಿ ಜೋಡಿಸಲು ಈ ಉಪಾಯದೊಂದಿಗೆ 891 ಸೆಕೆಂಡು ಹಿಡಿಯಿತು. ಉಪಾಯವನ್ನು ನಿಲ್ಲಿಸಿದಾಗ 1,283 ಸೆಕೆಂಡು, ಅಂದರೆ ಶೇಕಡಾ 44ರಷ್ಟು ಹೆಚ್ಚು. ಆ ಓಟದಲ್ಲಿ 960 ಸೆಕೆಂಡಿನ ಹೊತ್ತಿಗೆ ರೆಡ್ಯೂಸ್‌ನ 4,000 ತುಂಡುಗಳಲ್ಲಿ 5 ಮಾತ್ರ ಉಳಿದಿದ್ದವು. ಆ ಐದಕ್ಕಾಗಿ ಇಡೀ ಕ್ಲಸ್ಟರ್ ಇನ್ನೂ 300 ಸೆಕೆಂಡು ಕಾಯಬೇಕಾಯಿತು.

ಹೊರೆಯೇ ಹೆಚ್ಚಾಗಿದ್ದರೆ ಈ ಉಪಾಯ ಕೆಲಸ ಮಾಡುವುದಿಲ್ಲ. 287 ಚೀಟಿಗಳನ್ನು ಯಾರ ಕೈಗೆ ಕೊಟ್ಟರೂ ಅವು 287 ಚೀಟಿಗಳೇ. ನಾನು ಮಾಡಿದ್ದು ಅದಕ್ಕಿಂತಲೂ ಕೆಟ್ಟದ್ದು. ಯಂತ್ರಗಳಲ್ಲಾದರೆ ಮೊದಲಿನದು ತನ್ನ ಕೆಲಸ ಮುಂದುವರಿಸುತ್ತಿರುತ್ತದೆ, ಎರಡನೆಯದು ಜೊತೆಗೆ ಓಡುತ್ತದೆ. ನಾನು 148ರ ತನಕ ಬಂದಿದ್ದವನ ಕೈಯಿಂದ ಕಸಿದು ಒಂದರಿಂದ ಶುರು ಮಾಡಿಸಿದ್ದೆ.

ಹಾಗಾದರೆ ಗುರುತಿಸುವುದು ಹೇಗೆ? ಎರಡು ಸಾಲುಗಳನ್ನು ಒಟ್ಟಿಗೆ ನೋಡಬೇಕು: ಹಿಡಿದ ಸಮಯ, ಓದಿದ ದತ್ತಾಂಶ. ಸಮಯ ಹೆಚ್ಚು, ದತ್ತಾಂಶ ಎಲ್ಲರಷ್ಟೇ ಆಗಿದ್ದರೆ ಯಂತ್ರವನ್ನು ಅನುಮಾನಿಸಬೇಕು. ಸಮಯದ ಜೊತೆಗೆ ದತ್ತಾಂಶವೂ ಹೆಚ್ಚಿದ್ದರೆ ಹಂಚಿಕೆಯನ್ನು ಅನುಮಾನಿಸಬೇಕು. ಹಂಚಿಕೆಯ ಈ ಏರುಪೇರಿಗೆ ಸ್ಕ್ಯೂ ಎನ್ನುತ್ತಾರೆ. ಸ್ಪಾರ್ಕ್ ಎರಡು ದೊಡ್ಡ ಪಟ್ಟಿಗಳನ್ನು ಜೋಡಿಸುವಾಗ ಇದನ್ನು ತಾನೇ ಪತ್ತೆಹಚ್ಚಬಲ್ಲದು. ಒಂದು ಪಾರ್ಟಿಷನ್ ಮಧ್ಯಾಂಕದ 5 ಪಟ್ಟಿಗಿಂತ ದೊಡ್ಡದಾಗಿದ್ದು 256 ಮೆಗಾಬೈಟ್ ಅನ್ನೂ ಮೀರಿದ್ದರೆ ಅದನ್ನು ಏರುಪೇರಿನದು ಎಂದು ಪರಿಗಣಿಸಿ ಒಡೆಯುತ್ತದೆ. ನನ್ನ ತರಗತಿಯಲ್ಲಿ ಮಧ್ಯಾಂಕದ 5 ಪಟ್ಟು ಎಂದರೆ 200. ಮೂರನೇ ಬೆಂಚು ಅದನ್ನೂ ದಾಟಿತ್ತು. ಆ ಒಂದು ಲೆಕ್ಕ ಮಾಡಲು ನನಗೆ ಅರ್ಧ ನಿಮಿಷ ಸಾಕಾಗುತ್ತಿತ್ತು.

ಒಯ್ಯುವುದನ್ನು ಕಡಿಮೆ ಮಾಡುವುದು

ಸಮಯದ ಪಟ್ಟಿಯನ್ನು ಮತ್ತೆ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಐದು ಬೆಂಚುಗಳ ಎಣಿಕೆಗೆ ಹಿಡಿದದ್ದು ಎರಡು ನಿಮಿಷ. ಚೀಟಿ ಬರೆದು ಒಯ್ಯಲು ಹಿಡಿದದ್ದು ಇಪ್ಪತ್ತು ನಿಮಿಷ. ಕ್ಲಸ್ಟರ್‌ಗಳಲ್ಲೂ ಅನೇಕ ಸಲ ಹೀಗೇ ಆಗುತ್ತದೆ. ಲೆಕ್ಕ ಮಾಡುವುದಕ್ಕಿಂತ ದತ್ತಾಂಶವನ್ನು ಬರೆದು, ಜಾಲದ ಮೂಲಕ ಕಳುಹಿಸಿ, ಅಲ್ಲಿ ಮತ್ತೆ ಓದುವುದು ದುಬಾರಿ. ಆದ್ದರಿಂದ ವೇಗ ಹೆಚ್ಚಿಸುವ ಉಪಾಯಗಳಲ್ಲಿ ಹಲವು ‘ಕಡಿಮೆ ಒಯ್ಯಿ’ ಎಂಬ ಒಂದೇ ಮಾತಿನ ರೂಪಗಳು. ಮುಖ್ಯವಾದ ನಾಲ್ಕನ್ನು ಹೇಳುತ್ತೇನೆ.

1. ಬೇಕಾದದ್ದನ್ನು ಮಾತ್ರ ಓದುವುದು. ನನ್ನ ಹಾಳೆಯಲ್ಲಿ ನಾಲ್ಕು ಕಲಂಗಳಿದ್ದವು, ಬೇಕಾದದ್ದು ಊರಿನ ಕಲಂ ಒಂದೇ. ಮಕ್ಕಳು ಎಲ್ಲವನ್ನೂ ಓದುತ್ತಿದ್ದರು. ಪಾರ್ಕೆ ಎಂಬ ಕಡತ ವಿನ್ಯಾಸದಲ್ಲಿ ದತ್ತಾಂಶವನ್ನು ಕಲಂವಾರು ಜೋಡಿಸಿಡುವುದರಿಂದ ಬೇಡದ ಕಲಂಗಳನ್ನು ಮುಟ್ಟದೆಯೇ ಮುಂದೆ ಹೋಗಬಹುದು. ಹಾಗೆಯೇ ಬೇಡದ ದಾಖಲೆಗಳನ್ನು ಶಫಲ್‌ಗೆ ಮೊದಲೇ ಸೋಸಿ ಬಿಡಬೇಕು.

2. ದತ್ತಾಂಶ ಇರುವಲ್ಲಿಗೆ ಕೆಲಸವನ್ನು ಒಯ್ಯುವುದು. ಹಡೂಪ್‌ನ ಕಡತ ವ್ಯವಸ್ಥೆ ದೊಡ್ಡ ಕಡತವನ್ನು ತುಂಡು ಮಾಡಿ (ಈಗಿನ ರೂಢಿಯಲ್ಲಿ ಒಂದು ತುಂಡು 128 ಮೆಗಾಬೈಟ್) ಪ್ರತಿ ತುಂಡಿನ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತದೆ. ಸಾಧ್ಯವಾದ ಮಟ್ಟಿಗೆ ಆ ತುಂಡಿನ ಕೆಲಸವನ್ನು ಅದರ ಪ್ರತಿ ಇರುವ ಯಂತ್ರಕ್ಕೇ ಕೊಡಲಾಗುತ್ತದೆ. ಪ್ರೋಗ್ರಾಂ ಚಿಕ್ಕದು, ದತ್ತಾಂಶ ದೊಡ್ಡದು. ಚಿಕ್ಕದನ್ನು ಒಯ್ಯುವುದೇ ಸುಲಭ.

3. ಕೂಡಿಸಿ ಕಳುಹಿಸುವುದು. ಒಂದು ಹಾಳೆಯಲ್ಲಿ ಪಟ್ಟಣ 22 ಸಲ ಬಂದಿದ್ದರೆ 22 ಚೀಟಿ ಬೇಕಿಲ್ಲ, ‘ಪಟ್ಟಣ 22’ ಎಂದು ಬರೆದ ಒಂದು ಚೀಟಿ ಸಾಕು. ಹೀಗೆ ಕಳುಹಿಸುವ ಮೊದಲೇ ಕೂಡಿಸುವುದಕ್ಕೆ ಕಂಬೈನರ್ ಎನ್ನುತ್ತಾರೆ. ಸ್ಪಾರ್ಕ್‌ನಲ್ಲಿ ‘ಗ್ರೂಪ್‌ಬೈಕೀ’ ಬದಲು ‘ರೆಡ್ಯೂಸ್‌ಬೈಕೀ’ ಬಳಸಿ ಎಂದು ಹೇಳುವುದು ಇದಕ್ಕೇ. ಮೊದಲನೆಯದು ಎಲ್ಲ ಚೀಟಿಗಳನ್ನೂ ಒಯ್ಯುತ್ತದೆ, ಎರಡನೆಯದು ಹೊರಡುವ ಮೊದಲೇ ಕೂಡಿಸಿಕೊಳ್ಳುತ್ತದೆ.

4. ಚಿಕ್ಕ ಪಟ್ಟಿಯನ್ನು ಎಲ್ಲರಿಗೂ ಕೊಡುವುದು. ಪ್ರತಿ ಊರು ಯಾವ ಪಂಚಾಯಿತಿಗೆ ಸೇರಿದೆ ಎಂಬ ಹದಿನೇಳು ಸಾಲಿನ ಪಟ್ಟಿ ಬೇಕಾದರೆ 480 ಚೀಟಿಗಳನ್ನು ಆ ಪಟ್ಟಿಯ ಬಳಿಗೆ ತರಬೇಕಿಲ್ಲ. ಪಟ್ಟಿಯನ್ನೇ ನಕಲು ಮಾಡಿ ಪ್ರತಿ ಗುಂಪಿಗೂ ಕೊಟ್ಟರಾಯಿತು. ಇದಕ್ಕೆ ಬ್ರಾಡ್‌ಕಾಸ್ಟ್ ಜೋಡಣೆ ಎಂದು ಹೆಸರು. 10 ಮೆಗಾಬೈಟ್‌ಗಿಂತ ಚಿಕ್ಕ ಪಟ್ಟಿಯಾದರೆ ಸ್ಪಾರ್ಕ್ ಸಾಮಾನ್ಯವಾಗಿ ತಾನೇ ಹೀಗೆ ಮಾಡುತ್ತದೆ.

ಎರಡನೇ ಪಿರಿಯಡ್

ಎರಡು ದಿನ ಬಿಟ್ಟು ಅದೇ ತರಗತಿಗೆ ಅದೇ ಹಾಳೆಗಳೊಂದಿಗೆ ಹೋದೆ. ಮೊದಲು ಆರು ಬೆಂಚುಗಳ ಚೀಟಿಗಳ ಸಂಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. ಪಕ್ಕದಲ್ಲಿ ಹಿಡಿದ ನಿಮಿಷಗಳು. “ಯಾರು ವೇಗವಾಗಿ ಎಣಿಸಿದರು?” ಎಂದು ಕೇಳಿದೆ. ಭಾಗಾಕಾರ ಮಾಡಿ ನೋಡಿದ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು ಮೂರನೇ ಬೆಂಚಿನ ಹುಡುಗನ ಹೆಸರು ಹೇಳಿದಳು. ಆ ದಿನ ನಾನು ಲೆಕ್ಕ ನೋಡದೆ ಅವನ ಕೈಯಿಂದ ಕೆಲಸ ಕಿತ್ತುಕೊಂಡದ್ದು ತಪ್ಪು ಎಂದು ಎಲ್ಲರ ಮುಂದೆ ಹೇಳಿದೆ. ತಪ್ಪು ಮಾಡಿದ್ದು ಎಲ್ಲರ ಮುಂದೆಯೇ, ಒಪ್ಪಿಕೊಳ್ಳುವುದೂ ಅಲ್ಲೇ ಆಗಬೇಕು ಅನಿಸಿತು.

ನಂತರ ಪ್ರಶ್ನೆಯನ್ನು ಮಕ್ಕಳಿಗೇ ಬಿಟ್ಟೆ: ಚೀಟಿ ಕಡಿಮೆ ಮಾಡುವುದು ಹೇಗೆ? ‘ಹಾಳೆಯಲ್ಲೇ ತಾಳೆ ಗುರುತು ಹಾಕಿ ಒಟ್ಟು ಬರೆದು ಕಳಿಸೋಣ’ ಎಂಬ ಉತ್ತರ ಎರಡೇ ನಿಮಿಷದಲ್ಲಿ ಬಂತು. ಕಂಬೈನರ್ ಎಂಬ ಹೆಸರನ್ನು ನಾನು ಆಮೇಲೆ ಹೇಳಿದೆ. ಗಡಿಯಾರ ನೋಡಿ ಪ್ರತಿ ಹಂತದ ಸಮಯ ಬರೆಯುವ ಕೆಲಸವನ್ನು ಮೂರನೇ ಬೆಂಚಿನ ಹುಡುಗ ತಾನೇ ಕೇಳಿ ಪಡೆದ.

ಅವನು ಬರೆದ ಲೆಕ್ಕ ಹೀಗಿದೆ: ತಾಳೆ ಗುರುತು 6 ನಿಮಿಷ, ಒಯ್ಯುವುದು 2 ನಿಮಿಷ, ಕೂಡಿಸುವುದು 3 ನಿಮಿಷ, ಒಟ್ಟು 11. ಚೀಟಿಗಳು 480ರ ಬದಲು 83. ಮೂರನೇ ಬೆಂಚಿಗೆ 287ರ ಬದಲು 17. ಎಲ್ಲ ಊರುಗಳ ಮೊತ್ತ ಕೂಡಿಸಿದಾಗ 480 ಸರಿಯಾಗಿ ಬಂತು. ಒಯ್ಯುವುದನ್ನು ಕಡಿಮೆ ಮಾಡಿದ ಒಂದೇ ಬದಲಾವಣೆಯಿಂದ ಹಂಚಿಕೆಯ ಏರುಪೇರೂ ಹೋಗಿತ್ತು, ಏಕೆಂದರೆ ಎಷ್ಟೇ ದೊಡ್ಡ ಊರಾದರೂ ಒಂದು ಹಾಳೆಯಿಂದ ಒಂದೇ ಚೀಟಿ ಬರುತ್ತದೆ.

ಎಲ್ಲ ಕೆಲಸಗಳಲ್ಲೂ ಇಷ್ಟು ಸುಲಭವಾಗುವುದಿಲ್ಲ. ಪಟ್ಟಣದ 268 ಮಕ್ಕಳ ದೂರಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಬೇಕಾದರೆ ಕೂಡಿಸಿ ಕಳುಹಿಸಲು ಬರುವುದಿಲ್ಲ, ಒಂದೊಂದು ಬೆಲೆಯೂ ಬೇಕು. ಆಗ ಕೀಯನ್ನೇ ಒಡೆಯಬೇಕು: ಪಟ್ಟಣ-1, ಪಟ್ಟಣ-2, ಪಟ್ಟಣ-3, ಪಟ್ಟಣ-4 ಎಂದು ಬರೆದು ನಾಲ್ಕು ಬೆಂಚುಗಳಿಗೆ 67ರಂತೆ ಹಂಚಿ, ಅಲ್ಲಲ್ಲೇ ಜೋಡಿಸಿದ ನಾಲ್ಕು ಕಟ್ಟುಗಳನ್ನು ಕೊನೆಯಲ್ಲಿ ಬೆರೆಸಬೇಕು. ಕೀಗೆ ಹೀಗೆ ಒಂದಿಷ್ಟು ಸೇರಿಸುವುದನ್ನು ಈ ವೃತ್ತಿಯವರು ‘ಉಪ್ಪು ಹಾಕುವುದು’ ಎನ್ನುತ್ತಾರೆ. ಕೊನೆಗೊಂದು ಬೆರೆಸುವ ಕೆಲಸ ಹೆಚ್ಚುತ್ತದೆ. ಏರುಪೇರು ನಿಜವಾಗಿಯೂ ಇದೆ ಎಂದು ಅಳೆದು ತಿಳಿದ ಮೇಲೆ ಮಾತ್ರ ಇದು ಲಾಭ.

ತುಂಡು ಎಷ್ಟು ಚಿಕ್ಕದಿರಬೇಕು?

ಬಿಎಸ್ಸಿ ಅಂತಿಮ ವರ್ಷದಲ್ಲಿ ನಮ್ಮ ಪ್ರಾಜೆಕ್ಟ್‌ಗೆ ಪ್ರಯೋಗಾಲಯದ ನಾಲ್ಕು ಕಂಪ್ಯೂಟರ್‌ಗಳನ್ನು ಸೇರಿಸಿ ಸ್ಪಾರ್ಕ್ ಓಡಿಸಿದ್ದೆವು. ಎರಡು ಯಂತ್ರಗಳಿಗಿಂತ ನಾಲ್ಕು ಯಂತ್ರಗಳಲ್ಲಿ ಕೆಲಸ ಬೇಗ ಮುಗಿಯಲೇ ಇಲ್ಲ. ‘ಯಂತ್ರಗಳು ಹಳೆಯವು’ ಎಂದು ವರದಿಯಲ್ಲಿ ಬರೆದು ಕೈತೊಳೆದುಕೊಂಡಿದ್ದೆ. ಈ ಪಾಠದ ನಂತರ ಹಳೆಯ ವರದಿ ತೆಗೆದು ನೋಡಿದೆ. ನಮ್ಮ ದತ್ತಾಂಶ ಕೆಲವೇ ಮೆಗಾಬೈಟ್‌ಗಳಷ್ಟಿತ್ತು. ಶಫಲ್ ನಂತರದ ತುಂಡುಗಳ ಸಂಖ್ಯೆಯನ್ನು ನಾವು ಹೇಳದಿದ್ದರೆ ಸ್ಪಾರ್ಕ್ ಅದನ್ನು 200 ಎಂದು ಇಟ್ಟುಕೊಳ್ಳುತ್ತದೆ. ಅಷ್ಟು ಚಿಕ್ಕ ದತ್ತಾಂಶವನ್ನು 200 ತುಂಡು ಮಾಡಿದರೆ ಪ್ರತಿ ತುಂಡನ್ನೂ ಹಂಚಿ, ಶುರು ಮಾಡಿ, ಮುಗಿಯಿತೆಂದು ತಿಳಿಸುವುದೇ ದೊಡ್ಡ ಕೆಲಸವಾಗುತ್ತದೆ. ಒಂದೊಂದು ಮಗುವಿಗೆ ಎರಡೆರಡೇ ಚೀಟಿ ಕೊಟ್ಟು ಎಣಿಸಲು ಹೇಳಿದ ಹಾಗೆ. ತುಂಡು ತೀರಾ ದೊಡ್ಡದಾದರೆ ಇನ್ನೊಂದು ತೊಂದರೆ: ಮೆಮೊರಿಯಲ್ಲಿ ಹಿಡಿಯದೆ ಡಿಸ್ಕಿಗೆ ಬರೆದು ಮತ್ತೆ ಓದಬೇಕಾಗುತ್ತದೆ, ಯಂತ್ರಗಳೂ ಖಾಲಿ ಕೂರುತ್ತವೆ. ಸ್ಪಾರ್ಕ್ 3.2ರಿಂದ ಈಚೆಗೆ ಓಟದ ನಡುವೆಯೇ ಚಿಕ್ಕ ತುಂಡುಗಳನ್ನು ಸೇರಿಸುವ ವ್ಯವಸ್ಥೆ ತಾನಾಗಿಯೇ ಚಾಲೂ ಇರುತ್ತದೆ. ಆದರೂ ಪರದೆಯ ಆ ಐದು ಬೆಲೆಗಳನ್ನು ನೋಡುವ ಅಭ್ಯಾಸ ಬೇಕು. ನಾನು ಅಂದು ನೋಡಿರಲಿಲ್ಲ. ಅಲ್ಲೂ ಯಂತ್ರದ ಮೇಲೆಯೇ ತಪ್ಪು ಹೊರಿಸಿದ್ದೆ.

ವೇಗದ ತಪ್ಪು ಉತ್ತರ

ಕೊನೆಯ ಎಚ್ಚರಿಕೆ ಗಣಿತದ್ದು. ಎರಡನೇ ಪಿರಿಯಡ್‌ನ ಉಳಿದ ಸಮಯದಲ್ಲಿ ಸರಾಸರಿ ದೂರ ಕಂಡುಹಿಡಿಯಲು ಹೇಳಿದೆ. ಮಕ್ಕಳು ಕಂಬೈನರ್ ಹುಮ್ಮಸ್ಸಿನಲ್ಲಿ ‘ಪ್ರತಿ ಹಾಳೆಯ ಸರಾಸರಿ ಕಳಿಸೋಣ’ ಎಂದರು. ಕಪ್ಪುಹಲಗೆಯ ಮೇಲೆ ಎರಡು ಚಿಕ್ಕ ಗುಂಪು ಬರೆದೆ. ಮೊದಲನೆಯದರಲ್ಲಿ 1 ಮತ್ತು 3 ಕಿ.ಮೀ., ಸರಾಸರಿ 2. ಎರಡನೆಯದರಲ್ಲಿ 6, 7, 8 ಕಿ.ಮೀ., ಸರಾಸರಿ 7. ಎರಡು ಸರಾಸರಿಗಳ ಸರಾಸರಿ 4.5. ಐದೂ ದೂರಗಳನ್ನು ಕೂಡಿಸಿ ಭಾಗಿಸಿದರೆ 25 ಭಾಗಿಸು 5, ಅಂದರೆ 5. ಉತ್ತರ ಬೇಗ ಬಂತು, ಆದರೆ ತಪ್ಪು ಬಂತು.

ಸಂಕಲನಕ್ಕೆ ಪರಿವರ್ತನೀಯ ಮತ್ತು ಸಹವರ್ತನೀಯ ನಿಯಮಗಳಿವೆ. ಯಾವ ಕ್ರಮದಲ್ಲಿ, ಹೇಗೆ ಗುಂಪು ಮಾಡಿ ಕೂಡಿಸಿದರೂ ಮೊತ್ತ ಒಂದೇ. ಅದಕ್ಕೇ ಅರ್ಧ ಕೂಡಿಸಿ ಕಳುಹಿಸಬಹುದು. ಸರಾಸರಿಗೆ ಸಹವರ್ತನೀಯ ಗುಣವಿಲ್ಲ. ಪರಿಹಾರವಿದೆ: ಮೊತ್ತ ಮತ್ತು ಸಂಖ್ಯೆ ಎರಡನ್ನೂ ಕಳುಹಿಸುವುದು. ಮೊದಲ ಗುಂಪಿನಿಂದ 4 ಮತ್ತು 2, ಎರಡನೆಯದರಿಂದ 21 ಮತ್ತು 3. ಕೊನೆಯಲ್ಲಿ ಒಂದೇ ಸಲ ಭಾಗಾಕಾರ. ಆರನೇ ತರಗತಿಯಿಂದ ಹೇಳಿಕೊಡುವ ಈ ನಿಯಮಗಳು ಎಲ್ಲಿ ಉಪಯೋಗಕ್ಕೆ ಬರುತ್ತವೆ ಎಂದು ಮಕ್ಕಳು ಕೇಳಿದಾಗ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ಈ ಪಾಠ ಮಾಡುವವರಿಗೆ

ಸಹಪ್ರಶಿಕ್ಷಣಾರ್ಥಿಗಳು ಈ ಚಟುವಟಿಕೆ ಮಾಡುವುದಾದರೆ ಎರಡು ಪಿರಿಯಡ್ ಇಟ್ಟುಕೊಳ್ಳಿ. ಮೊದಲ ಸಲ ಕೂಡಿಸದೆ ಎಲ್ಲ ಚೀಟಿಗಳನ್ನೂ ಒಯ್ಯುವ ಕ್ರಮದಲ್ಲೇ ಮಾಡಿಸಿ; ತೊಂದರೆ ಕಾಣದೆ ಪರಿಹಾರದ ಬೆಲೆ ತಿಳಿಯುವುದಿಲ್ಲ. ಏರುಪೇರು ಇರುವ ದತ್ತಾಂಶವನ್ನೇ ಆರಿಸಿ. ಊರು, ಬರುವ ವಾಹನ, ಮನೆಭಾಷೆ ಇವು ಚೆನ್ನಾಗಿ ಒಪ್ಪುತ್ತವೆ. ಪ್ರತಿ ಹಂತದ ಸಮಯ ಬರೆಯಲು ಒಬ್ಬರನ್ನು ನೇಮಿಸಿ, ಪ್ರತಿ ಬೆಂಚಿಗೆ ಬಂದ ಚೀಟಿಗಳ ಸಂಖ್ಯೆಯನ್ನು ಎಣಿಕೆಗೆ ಮೊದಲು ತೂಕದಿಂದಲೋ ಕಟ್ಟಿನ ದಪ್ಪದಿಂದಲೋ ಅಂದಾಜು ಮಾಡಿಸಿ. ಬೆಂಚಿನಲ್ಲಿ ಕುಳಿತ ಮಗುವಿನ ಮೇಲೆ ಕೂಗಾಟ ನಡೆಯದಂತೆ ಮುಂಚೆಯೇ ಹೇಳಿಡಿ. ಮೌಲ್ಯಮಾಪನಕ್ಕೆ ಒಂದು ಪ್ರಶ್ನೆ ಸಾಕು: ಆರು ಬೆಂಚುಗಳ ಸಮಯ ಮತ್ತು ಚೀಟಿಗಳ ಸಂಖ್ಯೆ ಕೊಟ್ಟು, ಇಲ್ಲಿ ಬದಲಿಸಬೇಕಾದದ್ದು ಎಣಿಸುವವರನ್ನೋ ಹಂಚಿಕೆಯನ್ನೋ ಎಂದು ಕಾರಣ ಸಹಿತ ಬರೆಯಲು ಹೇಳಿ.

ಆ ಪ್ರಶ್ನೆ ನನಗೂ ಉಳಿದುಕೊಂಡಿದೆ. ಈಗ ಘಟಕ ಪರೀಕ್ಷೆಯ ಉತ್ತರ ಪತ್ರಿಕೆ ಯಾರಾದರೂ ತಡವಾಗಿ ಕೊಟ್ಟರೆ, ಮನೆಕೆಲಸ ಅರ್ಧ ಬಿಟ್ಟು ಬಂದರೆ, ಅವರ ಮುಂದಿದ್ದ ರಾಶಿ ಎಷ್ಟಿತ್ತು ಎಂದು ಮೊದಲು ವಿಚಾರಿಸುತ್ತೇನೆ. ಕೆಲವೊಮ್ಮೆ ಮಗು ನಿಜವಾಗಿಯೂ ನಿಧಾನವಾಗಿಯೇ ಇರುತ್ತದೆ, ಅದಕ್ಕೆ ಬೇರೆ ಸಹಾಯ ಬೇಕು. ಯಾವುದು ಎಂದು ತಿಳಿಯುವ ಮೊದಲು ಮಾತ್ರ ರಾಶಿಗೆ ಕೈ ಹಾಕುವುದಿಲ್ಲ.